ಎಂಜಿನ್ ನಿಂತಾಗ ಮೊದಲ ಲೆಕ್ಕ ಎತ್ತರದ್ದು

ಎಂಜಿನ್ ಕೈಕೊಟ್ಟ ಸೇನಾ ತರಬೇತಿ ವಿಮಾನ ಹೊಲದಲ್ಲಿ ಇಳಿಯಿತು, ಒಳಗಿದ್ದ ಇಬ್ಬರೂ ಬದುಕಿದರು. ಇಂಥ ಸುದ್ದಿ ಆಗಾಗ ಬರುತ್ತದೆ. ಈ ಸಲ ಬಂದ ಪತ್ರಗಳೆಲ್ಲ ಆ ಬಗ್ಗೆಯೇ. ಪೈಲಟ್‌ಗಳ ಅದೃಷ್ಟ ಚೆನ್ನಾಗಿತ್ತು ಅಂತ ಹಲವರು ಬರೆದಿದ್ದೀರಿ. ಅದೃಷ್ಟದ ಪಾಲು ಇಲ್ಲ ಅನ್ನಲಾರೆ. ಆದರೆ ಎಂಜಿನ್ ನಿಲ್ಲುವುದಕ್ಕೆ ತಿಂಗಳುಗಳ ಮೊದಲೇ, ಎಂಜಿನ್ ಚೆನ್ನಾಗಿ ಓಡುತ್ತಿದ್ದಾಗಲೇ, ಮತ್ತೆ ಮತ್ತೆ ಮಾಡಿದ ಅಭ್ಯಾಸದ ಪಾಲು ಅದಕ್ಕಿಂತ ತುಂಬಾ ದೊಡ್ಡದು.

ಪ್ರಶ್ನೆ: ಸರ್, ಇರುವುದೇ ಒಂದು ಎಂಜಿನ್. ಅದೂ ನಿಂತರೆ ವಿಮಾನ ಕಲ್ಲಿನ ಹಾಗೆ ಬೀಳುವುದಿಲ್ವಾ?
– ಪಿಯುಸಿ ವಿದ್ಯಾರ್ಥಿ

ಬೀಳುವುದಿಲ್ಲ. ವಿಮಾನವನ್ನು ಎತ್ತಿ ಹಿಡಿಯುವುದು ರೆಕ್ಕೆ. ರೆಕ್ಕೆಯ ಮೇಲೆ ಗಾಳಿ ಸಾಕಷ್ಟು ವೇಗದಲ್ಲಿ ಹರಿಯುತ್ತಿರುವವರೆಗೆ ವಿಮಾನ ಹಾರುತ್ತದೆ. ಆ ವೇಗ ಇಲ್ಲಿವರೆಗೆ ಎಂಜಿನ್‌ನಿಂದ ಬರುತ್ತಿತ್ತು. ಈಗ ಎತ್ತರವನ್ನು ಖರ್ಚು ಮಾಡಿ ಆ ವೇಗವನ್ನು ಕೊಳ್ಳಬೇಕು. ಮೂತಿಯನ್ನು ಸ್ವಲ್ಪ ತಗ್ಗಿಸಿ ಜಾರುತ್ತಾ ಬರಬೇಕು. ಇದಕ್ಕೆ ಗ್ಲೈಡ್ ಅನ್ನುತ್ತಾರೆ.

ಅಮೆರಿಕದ ವಾಯುಪಡೆ ಮತ್ತು ನೌಕಾಪಡೆ ಬಳಸುವ ಟಿ-6 ಟೆಕ್ಸನ್ 2 ತರಬೇತಿ ವಿಮಾನವನ್ನೇ ನೋಡಿ. ಎಂಜಿನ್ ಇಲ್ಲದೆ, ಚಕ್ರ ಮತ್ತು ಫ್ಲಾಪ್ (ರೆಕ್ಕೆಯ ಹಿಂದಿನ ಅಂಚಿನಿಂದ ಕೆಳಗೆ ಬಾಗುವ ಪಟ್ಟಿ) ಮೇಲಿಟ್ಟುಕೊಂಡು, 125 ನಾಟ್ (ಗಂಟೆಗೆ ಸುಮಾರು 230 ಕಿಲೋಮೀಟರ್) ವೇಗ ಹಿಡಿದರೆ ಅದು ಪ್ರತಿ 1,000 ಅಡಿ ಎತ್ತರಕ್ಕೆ ಸುಮಾರು 2 ನಾಟಿಕಲ್ ಮೈಲಿ, ಅಂದರೆ 3.7 ಕಿಲೋಮೀಟರ್ ದೂರ ಹೋಗುತ್ತದೆ. 5,000 ಅಡಿಯಲ್ಲಿ ಎಂಜಿನ್ ನಿಂತರೆ ಲೆಕ್ಕದ ಪ್ರಕಾರ 18 ಕಿಲೋಮೀಟರ್. ಕೇಳಲು ಜಾಸ್ತಿ ಅನ್ನಿಸುತ್ತದೆ ಅಲ್ವಾ? ಆದರೆ ಅದು ನಿಮಿಷಕ್ಕೆ 1,350ರಿಂದ 1,500 ಅಡಿ ಕೆಳಗಿಳಿಯುತ್ತಿರುತ್ತದೆ. ಕೈಯಲ್ಲಿರುವ ಸಮಯ ನಾಲ್ಕು ನಿಮಿಷವೂ ಇಲ್ಲ. ಮೇಲಾಗಿ, ಇಳಿಯುವ ಜಾಗದ ಮೇಲೆ ಒಂದು ಸುತ್ತು ಹಾಕಲು 3,000 ಅಡಿ ಉಳಿಸಿಕೊಂಡು ತಲುಪಬೇಕು. ಆಗ ದೂರಕ್ಕೆ ಖರ್ಚು ಮಾಡಲು ಸಿಗುವುದು 2,000 ಅಡಿ ಮಾತ್ರ. ಹದಿನೆಂಟು ಕಿಲೋಮೀಟರ್ ಇದ್ದದ್ದು ಏಳಕ್ಕೆ ಬಂತು. ಎದುರುಗಾಳಿ ಇದ್ದರೆ ಇನ್ನೂ ಕಡಿಮೆ.

ಪ್ರಶ್ನೆ: ಎಂಜಿನ್ ನಿಂತ ಮೊದಲ ನಿಮಿಷದಲ್ಲಿ ಪೈಲಟ್ ಏನು ಮಾಡುತ್ತಾರೆ? ಮೊದಲು ರೇಡಿಯೋದಲ್ಲಿ ಮೇಡೇ ಅಂತ ಕೂಗುತ್ತಾರಾ?
– ವಿಮಾನದ ವಿಡಿಯೋಗಳನ್ನು ತಪ್ಪದೆ ನೋಡುವ ಓದುಗರು

ಮೇಡೇ, ಅಂದರೆ ರೇಡಿಯೋದ ಆಪತ್ತಿನ ಕರೆ, ಮೊದಲಲ್ಲ. ಮೊದಲು ವಿಮಾನ ಹಾರಿಸು, ಆಮೇಲೆ ಎಲ್ಲಿಗೆ ಹೋಗಬೇಕು ನೋಡು, ಆಮೇಲೆ ಮಾತಾಡು. ಪ್ರಪಂಚದ ಯಾವ ಫ್ಲೈಯಿಂಗ್ ಸ್ಕೂಲ್‌ಗೆ ಹೋದರೂ ಇದೇ ಕ್ರಮ. ನೆಲದ ಮೇಲಿರುವವರು ಎಂಜಿನ್ ಹೊತ್ತಿಸಿಕೊಡಲಾರರು, ಆದ್ದರಿಂದ ಅವರಿಗೆ ಹೇಳುವುದು ಅರ್ಧ ನಿಮಿಷ ತಡವಾದರೆ ನಷ್ಟವಿಲ್ಲ. ವೇಗ ಕಳೆದುಕೊಂಡರೆ ಮಾತ್ರ ಎಲ್ಲವೂ ಹೋಯಿತು.

ಶಬ್ದ ನಿಂತ ತಕ್ಷಣ ಮನುಷ್ಯನ ಕೈ ತಾನಾಗಿಯೇ ವಿಮಾನ ನಡೆಸುವ ಕೋಲನ್ನು ಹಿಂದಕ್ಕೆ ಎಳೆದು ಮೂತಿ ಎತ್ತಲು ನೋಡುತ್ತದೆ. ನೆಲದಿಂದ ದೂರ ಹೋಗಬೇಕು ಅನ್ನುವ ಸಹಜ ಆಸೆ ಅದು. ತರಬೇತಿಯ ಅರ್ಧ ಕೆಲಸ ಆ ಆಸೆಯನ್ನು ಪಳಗಿಸುವುದು. ವೇಗ ಹೆಚ್ಚಿದ್ದರೆ ಮಾತ್ರ ಮೂತಿ ಎತ್ತಿ ಆ ಹೆಚ್ಚುವರಿ ವೇಗವನ್ನು ಎತ್ತರಕ್ಕೆ ಬದಲಾಯಿಸಿಕೊಳ್ಳಬಹುದು. ಗ್ಲೈಡ್ ವೇಗ ಬಂದ ಕೂಡಲೇ ಮೂತಿ ಕೆಳಗೆ. ಅಷ್ಟರಲ್ಲೇ ಹತ್ತಿರದ ರನ್‌ವೇ ಕಡೆಗೋ ಬಯಲಿನ ಕಡೆಗೋ ತಿರುಗಿರಬೇಕು. ಚಕ್ರ, ಫ್ಲಾಪ್, ಸ್ಪೀಡ್‌ಬ್ರೇಕ್ ಹೊರಗಿದ್ದರೆ ಒಳಗೆ ಹೋಗಬೇಕು, ಯಾಕಂದ್ರೆ ಗಾಳಿಗೆ ಅಡ್ಡ ನಿಲ್ಲುವ ಪ್ರತಿಯೊಂದು ವಸ್ತುವೂ ಎತ್ತರವನ್ನು ತಿನ್ನುತ್ತದೆ. ಪ್ರೊಪೆಲರ್ ಕೂಡ ಹಾಗೆಯೇ. ಎಂಜಿನ್ ಸತ್ತರೂ ಅದು ಗಾಳಿಗೆ ಗಿರಗಿರ ತಿರುಗುತ್ತಾ ವಿಮಾನವನ್ನು ಹಿಂದಕ್ಕೆ ಎಳೆಯುತ್ತದೆ. ಅದಕ್ಕೇ ಅದರ ಅಲಗುಗಳನ್ನು ಗಾಳಿಗೆ ಸಮನಾಗಿ ತಿರುಗಿಸಿ ನಿಲ್ಲಿಸುವ ವ್ಯವಸ್ಥೆ ಇದೆ. ಇದಕ್ಕೆ ಫೆದರ್ ಮಾಡುವುದು ಅನ್ನುತ್ತಾರೆ. ಪಿಲಾಟಸ್ ಪಿಸಿ-7, ಟಿ-6, ಕೊರಿಯಾದ ಕೆಟಿ-1 ಈ ತರಬೇತಿ ವಿಮಾನಗಳಿಗೆಲ್ಲ ಪಿಟಿ6 ಜಾತಿಯ ಟರ್ಬೋಪ್ರಾಪ್ (ಪ್ರೊಪೆಲರ್ ತಿರುಗಿಸುವ ಟರ್ಬೈನ್) ಎಂಜಿನ್ ಇದೆ. ಅದರಲ್ಲಿ ಆಯಿಲ್ ಒತ್ತಡ ಹೋದರೆ ಸ್ಪ್ರಿಂಗ್ ಮತ್ತು ತೂಕದ ಕಲ್ಲುಗಳು ಅಲಗನ್ನು ತಾವಾಗಿಯೇ ಫೆದರ್ ಕಡೆಗೆ ತಳ್ಳುತ್ತವೆ. ತುಂಬಾ ಒಳ್ಳೆಯ ಯೋಚನೆ ಅದು.

ಇದೆಲ್ಲ ಆದ ಮೇಲೆ ಎಂಜಿನ್ ಮತ್ತೆ ಹೊತ್ತುತ್ತದಾ ಅನ್ನುವ ಪ್ರಶ್ನೆ. ಇಂಧನದ ಪಂಪ್, ಇಗ್ನಿಷನ್ ನೋಡಿ ಒಂದು ಪ್ರಯತ್ನ. ಎಂಜಿನ್ ಒಳಗೆ ಏನೋ ಮುರಿದಿದೆ ಅಂತ ಗೊತ್ತಾದರೆ, ಅಥವಾ ಬೆಂಕಿ ಕಂಡರೆ, ಆ ಪ್ರಯತ್ನವೂ ಇಲ್ಲ. ಎತ್ತರ ಕಡಿಮೆ ಇದ್ದರೂ ಇಲ್ಲ. ತಲೆ ಬಗ್ಗಿಸಿ ಸ್ವಿಚ್‌ಗಳ ಜೊತೆ ಗುದ್ದಾಡುತ್ತಾ ಕೂತವರು ಹೊರಗೆ ನೋಡುವುದನ್ನೇ ಮರೆಯುತ್ತಾರೆ. ಇದರ ನಂತರ ಮೇಡೇ ಕರೆ, ರಡಾರ್‌ಗೆ ವಿಮಾನದ ಗುರುತು ಕಳಿಸುವ ಟ್ರಾನ್ಸ್‌ಪಾಂಡರ್‌ನಲ್ಲಿ 7700 ಸಂಖ್ಯೆ. ಆ ಸಂಖ್ಯೆ ಬಂತೆಂದರೆ ರಡಾರ್ ಮುಂದೆ ಕೂತವರಿಗೆ ಈ ವಿಮಾನ ಆಪತ್ತಿನಲ್ಲಿದೆ ಅಂತ ಗೊತ್ತಾಗುತ್ತದೆ.

ಕೊನೆಯ ಭಾಗ ಆ ಸುತ್ತು. ಟಿ-6ರಲ್ಲಿ ರನ್‌ವೇ ಮೇಲೆ 3,000 ಅಡಿಗೆ ಬರಬೇಕು. ಇದು ಹೈ ಕೀ. ಅಲ್ಲಿಂದ ಅರ್ಧ ಸುತ್ತು ಬಂದಾಗ 1,500 ಅಡಿ ಇರಬೇಕು. ಇದು ಲೋ ಕೀ. ಇನ್ನರ್ಧ ಸುತ್ತು ಮುಗಿದಾಗ ಚಕ್ರ ನೆಲಕ್ಕೆ. ಈ ಎರಡು ಗುರುತುಗಳಲ್ಲಿ ಎತ್ತರ ಹೆಚ್ಚಾಗಿದ್ದರೆ ಸುತ್ತನ್ನು ಹಿಗ್ಗಿಸುತ್ತಾರೆ, ಕಡಿಮೆಯಾಗಿದ್ದರೆ ಒಳಗೆ ಕತ್ತರಿಸಿ ಬರುತ್ತಾರೆ. ಹೆಚ್ಚಿದ್ದ ಎತ್ತರವನ್ನು ಕಳೆಯಲು ನೂರು ದಾರಿ ಇದೆ, ಇಲ್ಲದ ಎತ್ತರವನ್ನು ತರಲು ಒಂದೂ ಇಲ್ಲ.

ಪ್ರಶ್ನೆ: ಮೇಲೆದ್ದ ತಕ್ಷಣ ಎಂಜಿನ್ ನಿಂತರೆ? ರನ್‌ವೇ ಹಿಂದೆಯೇ ಇದೆಯಲ್ಲ, ಸುಮ್ನೆ ತಿರುಗಿ ಬಂದು ಇಳಿಯಬಹುದಲ್ವಾ?
– ಬೈಕ್ ಮೆಕ್ಯಾನಿಕ್

ಈ ತಿರುವು ಬಹಳ ಜೀವ ತೆಗೆದುಕೊಂಡಿದೆ. ರನ್‌ವೇ ಬೆನ್ನ ಹಿಂದೆಯೇ ಇರುತ್ತದೆ, ನಿಜ. ಆದರೆ ಅರ್ಧ ವೃತ್ತ ತಿರುಗಿದರೆ ವಿಮಾನ ರನ್‌ವೇಯ ಪಕ್ಕಕ್ಕೆ ಬಂದಿರುತ್ತದೆ, ರನ್‌ವೇ ಮೇಲಲ್ಲ. ಇನ್ನೂ ತಿರುಗಬೇಕು, ಮತ್ತೆ ನೇರ ಮಾಡಬೇಕು. ತಿರುಗುವಾಗ ರೆಕ್ಕೆಗೆ ಭಾರ ಹೆಚ್ಚು. ಎತ್ತರ ಉಳಿಸಿಕೊಂಡು 45 ಡಿಗ್ರಿ ವಾಲಿದರೆ ಸ್ಟಾಲ್ ಆಗುವ, ಅಂದರೆ ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯಲಾರದೆ ಸೋಲುವ ವೇಗ ಶೇ 19ರಷ್ಟು ಏರುತ್ತದೆ, 60 ಡಿಗ್ರಿಗೆ ಶೇ 41ರಷ್ಟು. ಅಂದರೆ ನೇರ ಹಾರುವಾಗ ಸುರಕ್ಷಿತವಾಗಿದ್ದ ವೇಗದಲ್ಲೇ ತಿರುಗುವಾಗ ರೆಕ್ಕೆ ಹಿಡಿತ ಬಿಡಬಹುದು. ಅಷ್ಟು ಕೆಳಗೆ ಸ್ಟಾಲ್ ಆದರೆ ಸರಿಪಡಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಹಾಗಾಗಿ ಎತ್ತರ ಸಾಲದಿದ್ದರೆ ಮುಂದೆ, ಸ್ವಲ್ಪ ಎಡಬಲದಲ್ಲಿ ಸಿಕ್ಕಿದ ಜಾಗದಲ್ಲೇ ಇಳಿಯಬೇಕು. ಎಷ್ಟು ಎತ್ತರಕ್ಕಿಂತ ಕೆಳಗೆ ತಿರುಗಬಾರದು ಅನ್ನುವುದನ್ನು ಹೊರಡುವ ಮೊದಲೇ, ನೆಲದ ಮೇಲೆ ಕೂತಿರುವಾಗಲೇ ಬಾಯಿಬಿಟ್ಟು ಹೇಳಿಕೊಂಡಿರಬೇಕು.

ಪ್ರಶ್ನೆ: ಹೊಲದಲ್ಲಿ ಇಳಿಯುವಾಗ ಚಕ್ರ ಯಾಕೆ ಬಿಡಲಿಲ್ಲ? ಹೊಟ್ಟೆಯ ಮೇಲೆ ಉಜ್ಜಿಕೊಂಡು ಹೋದ ಫೋಟೋ ನೋಡಿ ಗಾಬರಿಯಾಯಿತು.
– ಕೃಷಿಕ ಓದುಗರು

ಉಳುವವರಿಗೆ ಇದು ಬೇಗ ಅರ್ಥವಾಗುತ್ತದೆ. ಮೆತ್ತನೆ ನೆಲದಲ್ಲಿ ಸಣ್ಣ ಚಕ್ರ ಹೂತುಕೊಂಡರೆ ವಿಮಾನ ಮುಗ್ಗರಿಸಿ ಮಗುಚುತ್ತದೆ. ಮಗುಚಿದರೆ ಮೇಲಿನ ಗಾಜಿನ ಮುಚ್ಚಳ ನೆಲಕ್ಕೆ ಒತ್ತಿಕೊಂಡು, ಒಳಗಿರುವವರು ತಲೆಕೆಳಗಾಗಿ ಸಿಕ್ಕಿಹಾಕಿಕೊಳ್ಳುತ್ತಾರೆ. ಅದಕ್ಕೆ ಚಕ್ರ ಒಳಗೆ ಮಡಚುವ ವಿಮಾನಗಳಲ್ಲಿ ಮೆತ್ತನೆಯ ಅಥವಾ ಒರಟು ನೆಲವಾದರೆ ಸಾಮಾನ್ಯವಾಗಿ ಹೊಟ್ಟೆಯ ಮೇಲೆ ಇಳಿಸುತ್ತಾರೆ. ಗಟ್ಟಿ, ಸಮತಟ್ಟು ಜಾಗ ಅಥವಾ ರನ್‌ವೇ ಸಿಕ್ಕರೆ ಚಕ್ರ ಬಿಡುತ್ತಾರೆ. ಕೈಪಿಡಿಗಳು ವಿಮಾನದಿಂದ ವಿಮಾನಕ್ಕೆ ಬೇರೆ ಬೇರೆ ಹೇಳುತ್ತವೆ, ಅದನ್ನೇ ಪಾಲಿಸಬೇಕು.

ಹೊಲ ಆರಿಸುವುದು ಒಂದು ಕಲೆ. ಮೇಲಿನಿಂದ ಹಸಿರು ಹಾಸಿನಂತೆ ಕಾಣುವುದು ಎದೆಯೆತ್ತರದ ಬೆಳೆಯಾಗಿರಬಹುದು. ಕೊಯ್ಲಾದ ಹೊಲ ಒಳ್ಳೆಯದು. ಉತ್ತ ಹೊಲವಾದರೆ ಸಾಲಿಗೆ ಅಡ್ಡ ಇಳಿಯಬಾರದು, ಸಾಲಿನ ಉದ್ದಕ್ಕೇ ಇಳಿಯಬೇಕು. ವಿದ್ಯುತ್ ತಂತಿ ಮೇಲಿನಿಂದ ಕಾಣುವುದೇ ಇಲ್ಲ, ಕಾಣುವುದು ಕಂಬಗಳು. ಎರಡು ಕಂಬ ಕಂಡರೆ ನಡುವೆ ತಂತಿ ಇದೆ ಅಂತಲೇ ತಿಳಿಯಬೇಕು. ರಸ್ತೆ ಚೆನ್ನಾಗಿ ಕಾಣುತ್ತದೆ, ಆದರೆ ರಸ್ತೆಯಲ್ಲಿ ಜನ, ವಾಹನ, ಕಂಬ, ಮರ ಎಲ್ಲವೂ ಇವೆ. ತನ್ನ ಜೀವ ಉಳಿಸಿಕೊಳ್ಳಲು ಇನ್ನೊಬ್ಬರ ಜೀವದ ಮೇಲೆ ಇಳಿಯುವ ಹಕ್ಕು ಯಾವ ಪೈಲಟ್‌ಗೂ ಇಲ್ಲ.

ಮತ್ತೆ ಗಾಳಿ. ಯಾವಾಗಲೂ ಗಾಳಿಗೆ ಎದುರಾಗಿ ಇಳಿಯಲು ನೋಡುತ್ತಾರೆ. 60 ನಾಟ್ ವೇಗದಲ್ಲಿ ಬರುವ ವಿಮಾನಕ್ಕೆ 15 ನಾಟ್ ಎದುರುಗಾಳಿ ಸಿಕ್ಕರೆ ನೆಲಕ್ಕೆ ತಾಗುವ ವೇಗ 45 ನಾಟ್. ಕಾಲು ಭಾಗ ಮಾತ್ರ ಕಡಿಮೆಯಾಯಿತು ಅನ್ನಿಸುತ್ತದೆ. ಆದರೆ ಹೊಡೆತದ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಇರುವುದರಿಂದ ಅದು ಶೇ 44ರಷ್ಟು ಇಳಿಯುತ್ತದೆ. ಇನ್ನೊಂದು ಲೆಕ್ಕ ನನಗೆ ತುಂಬಾ ಇಷ್ಟ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿರುವ ವಿಮಾನ ಒಂದೇ ಸಮನಾಗಿ 9 ಜಿ (ತನ್ನ ತೂಕದ ಒಂಬತ್ತು ಪಟ್ಟು) ಬಲದಲ್ಲಿ ನಿಲ್ಲಲು ಮೂರು ಮೀಟರ್ ಜಾಗವೂ ಬೇಡ. 160 ಕಿಲೋಮೀಟರ್ ಆದರೆ ಸುಮಾರು ಹನ್ನೊಂದು ಮೀಟರ್. ಬೆಲ್ಟ್ ಬಿಗಿಯಾಗಿ ಕಟ್ಟಿಕೊಂಡ ಮನುಷ್ಯ ಅಷ್ಟು ಬಲ ತಡೆದುಕೊಳ್ಳಬಲ್ಲ. ಬೇಲಿ, ಪೊದೆ, ಬೆಳೆ, ರೆಕ್ಕೆ, ಇವೆಲ್ಲ ಮುರಿಯುತ್ತಾ ಮುರಿಯುತ್ತಾ ಆ ಕೆಲವು ಮೀಟರ್ ಒದಗಿಸಿಕೊಟ್ಟರೆ ಸಾಕು. ಕೂತ ಜಾಗ ಜಜ್ಜಿಹೋಗದೆ ಉಳಿಯಬೇಕು, ಅಷ್ಟೇ. ಪಾಠ ಹೇಳುವಾಗ ಇದನ್ನು ಖಡಾಖಂಡಿತವಾಗಿ ಹೇಳಿಬಿಡುತ್ತಾರೆ: ಎಂಜಿನ್ ನಿಂತ ಕ್ಷಣದಿಂದ ವಿಮಾನದ ಬೆಲೆ ಮರೆತುಬಿಡಿ, ಅದನ್ನು ನಿಮ್ಮ ರಕ್ಷಣೆಗೆ ಬಳಸಿ.

ಪ್ರಶ್ನೆ: ಎಜೆಕ್ಷನ್ ಸೀಟ್ ಇರುತ್ತದಲ್ಲ, ಹಾರಿಬಿಡಬಹುದಿತ್ತಲ್ವಾ?
– ನಿವೃತ್ತ ಬ್ಯಾಂಕ್ ಉದ್ಯೋಗಿ

ಪೈಲಟ್‌ನನ್ನು ಸೀಟಿನ ಸಮೇತ ಹೊರಕ್ಕೆ ಚಿಮ್ಮಿಸುವ ಆ ಸೀಟು ಕೆಲವು ತರಬೇತಿ ವಿಮಾನಗಳಲ್ಲಿ ಇರುವುದಿಲ್ಲ. ಮೊದಲ ಹಂತದ ಹಗುರ ಪಿಸ್ಟನ್ ವಿಮಾನಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅವನ್ನು ಹಾರಿಸುವವರಿಗೆ ಹೊಲವೇ ಗತಿ.

ಸೀಟ್ ಇರುವ ವಿಮಾನಗಳಲ್ಲಿ ಲೆಕ್ಕ ಬೇರೆ. ರನ್‌ವೇ ತಲುಪುವ ಎತ್ತರ ಇದ್ದರೆ ಗ್ಲೈಡ್ ಮಾಡಿ ಇಳಿಸುತ್ತಾರೆ. ಇಲ್ಲದಿದ್ದರೆ ಹೊಲದಲ್ಲಿ ಇಳಿಸುವ ಸಾಹಸಕ್ಕಿಂತ ಎಜೆಕ್ಟ್ ಆಗುವುದೇ ಮೇಲು ಅನ್ನುವುದು ಟಿ-6ರಂಥ ವಿಮಾನಗಳ ಕೈಪಿಡಿಯ ಮಾತು. ವಿಮಾನ ಹಿಡಿತದಲ್ಲಿದ್ದರೂ 2,000 ಅಡಿಗಿಂತ ಕೆಳಗೆ ಬರುವ ಮೊದಲೇ ಆ ತೀರ್ಮಾನ ಆಗಿರಬೇಕು ಅಂತ ಅಮೆರಿಕದಲ್ಲಿ ಕಲಿಸುತ್ತಾರೆ. ಇವತ್ತಿನ ಸೀಟ್‌ಗಳು ನೆಲದ ಮೇಲೆ ನಿಂತ ವಿಮಾನದಿಂದಲೂ ಮನುಷ್ಯನನ್ನು ಹಾರಿಸಿ ಪ್ಯಾರಾಚೂಟ್ ಬಿಚ್ಚಬಲ್ಲವು, ನಿಜ. ಆದರೆ ವಿಮಾನ ರಭಸದಿಂದ ಕೆಳಗಿಳಿಯುತ್ತಿದ್ದರೆ, ಪಕ್ಕಕ್ಕೆ ವಾಲಿದ್ದರೆ, ಸೀಟಿನ ಶಕ್ತಿಯೆಲ್ಲ ಅದನ್ನು ಸರಿದೂಗಿಸಲೇ ಹೋಗುತ್ತದೆ. ಬೆನ್ನುಮೂಳೆಗೂ ಪೆಟ್ಟಾಗಬಹುದು. ಹಾಗಿದ್ದೂ ಇದು ದೊಡ್ಡ ವರ. ಮಾರ್ಟಿನ್-ಬೇಕರ್ ಕಂಪನಿಯ ಸೀಟ್‌ಗಳೇ ಇದುವರೆಗೆ 7,000ಕ್ಕೂ ಹೆಚ್ಚು ಜನರನ್ನು ಉಳಿಸಿವೆ. 2023ರ ಜೂನ್ 1ರಂದು ಚಾಮರಾಜನಗರ ಜಿಲ್ಲೆಯಲ್ಲಿ ಕಿರಣ್ ತರಬೇತಿ ವಿಮಾನ ಬಿದ್ದಾಗ ಒಳಗಿದ್ದ ಇಬ್ಬರೂ ಎಜೆಕ್ಟ್ ಆಗಿ ಬದುಕಿದರು.

ನನ್ನ ಮನಸ್ಸಿಗೆ ನೋವಾಗುವುದು ತಡವಾಗಿ ಎಳೆದ ಎಜೆಕ್ಷನ್ ಹಿಡಿಯ ಕತೆಗಳು. ವಿಮಾನ ಉಳಿಸೋಣ, ಇನ್ನೊಂದು ಸಲ ಸ್ಟಾರ್ಟ್ ಮಾಡಿ ನೋಡೋಣ ಅಂತ ಕೆಲವು ಸೆಕೆಂಡ್ ಕಾದವರು. ಕೆಳಗೆ ಮನೆಗಳಿವೆ ಅಂತ ವಿಮಾನವನ್ನು ಆಚೆ ತಿರುಗಿಸಲು ಕಾದವರೂ ಇದ್ದಾರೆ, ಅವರ ಮಾತು ಬೇರೆ, ಅವರಿಗೆ ಕೈಮುಗಿಯಬೇಕು.

ಪ್ರಶ್ನೆ: ಸೇನೆಯ ವಿಮಾನದ ಎಂಜಿನ್ ಅಂದ್ರೆ ಚೆನ್ನಾಗಿ ನೋಡಿಕೊಂಡಿರುತ್ತಾರೆ. ಅದು ನಿಲ್ಲುವುದಾದರೂ ಯಾಕೆ?
– ಪ್ರೌಢಶಾಲಾ ಶಿಕ್ಷಕಿ

ಪಿಸ್ಟನ್ ಎಂಜಿನ್‌ಗೆ ಇಂಧನ ತಲುಪದಿರಬಹುದು, ಕಾರ್ಬ್ಯುರೇಟರ್ ಇದ್ದರೆ ಅದರಲ್ಲಿ ಮಂಜುಗಡ್ಡೆ ಕಟ್ಟಬಹುದು. ಟರ್ಬೈನ್‌ಗೆ ಹಕ್ಕಿ ನುಗ್ಗಬಹುದು, ಅಲಗು ಮುರಿಯಬಹುದು, ಇಂಧನ ಅಳೆದು ಕೊಡುವ ಭಾಗ ಕೆಡಬಹುದು. ಒಂದೊಂದು ಸಲ ಬಿಡಿ ಕಾರಣ, ಒಂದೊಂದು ಸಲ ವಿನ್ಯಾಸದ್ದೇ ದೋಷ.

ಎರಡನೆಯದನ್ನು ಹೇಳುವಾಗ ನಮ್ಮದೇ ಎಚ್‌ಪಿಟಿ-32 ದೀಪಕ್ ನೆನಪಾಗದೆ ಇರದು. ಎಚ್‌ಎಎಲ್ ರೂಪಿಸಿದ ಈ ವಿಮಾನ 1977ರಲ್ಲಿ ಮೊದಲು ಹಾರಿತು. 260 ಅಶ್ವಶಕ್ತಿಯ ಲೈಕಮಿಂಗ್ ಪಿಸ್ಟನ್ ಎಂಜಿನ್, ಅಕ್ಕಪಕ್ಕ ಕೂರುವ ಎರಡು ಸೀಟು, ಎಜೆಕ್ಷನ್ ಇಲ್ಲ. ಒಂದು ತಲೆಮಾರಿನ ವಾಯುಪಡೆ ಪೈಲಟ್‌ಗಳು ಮೊದಲು ಹಾರಲು ಕಲಿತದ್ದು ಇದರಲ್ಲೇ. ಎಂಜಿನ್ ಆಗಸದಲ್ಲೇ ನಿಲ್ಲುವ ತೊಂದರೆ ಇದನ್ನು ಮತ್ತೆ ಮತ್ತೆ ಕಾಡಿತು. ಅದರ ಮೇಲೆ ಗ್ಲೈಡ್ ಕೂಡ ಚೆನ್ನಾಗಿರಲಿಲ್ಲ, ಎಂಜಿನ್ ಇಲ್ಲದಾಗ ಬೇಗ ಕೆಳಗಿಳಿಯುತ್ತಿತ್ತು. 17 ಅಪಘಾತಗಳಲ್ಲಿ 19 ಪೈಲಟ್‌ಗಳು ತೀರಿಕೊಂಡರು. 2009ರ ಜುಲೈ ಕೊನೆಯಲ್ಲಿ ಇಬ್ಬರು ಇನ್‌ಸ್ಟ್ರಕ್ಟರ್‌ಗಳು ಸತ್ತ ಮೇಲೆ ವಾಯುಪಡೆ ಅದರ ಹಾರಾಟ ನಿಲ್ಲಿಸಿತು. ಹೊಸಬರಿಗೆ ಕಿರಣ್ ಜೆಟ್‌ನಲ್ಲೇ ಪಾಠ ಶುರುವಾಯಿತು. 2013ರಲ್ಲಿ ಸ್ವಿಟ್ಜರ್ಲೆಂಡ್‌ನ ಪಿಸಿ-7 ಮಾರ್ಕ್ 2 ಬಂದು ಆ ಜಾಗ ತುಂಬಿತು. ಒಟ್ಟು 75 ವಿಮಾನ, ಎರಡೂ ಸೀಟು ಎಜೆಕ್ಷನ್ ಸೀಟು. ಎಚ್‌ಎಎಲ್‌ನ ಹೊಸ ಎಚ್‌ಟಿಟಿ-40 ಮೊದಲು ಹಾರಿದ್ದು 2016ರಲ್ಲಿ. ಅದಕ್ಕೂ ಟರ್ಬೋಪ್ರಾಪ್ ಎಂಜಿನ್, ಎಜೆಕ್ಷನ್ ಸೀಟು ಇವೆ. ಪೈಲಟ್ ಎಷ್ಟೇ ಜಾಣನಾಗಿದ್ದರೂ ಕೆಟ್ಟ ಗ್ಲೈಡ್ ಇರುವ, ಹಾರಿ ತಪ್ಪಿಸಿಕೊಳ್ಳಲಾಗದ ವಿಮಾನವನ್ನು ಕಲಿಯುವ ಹುಡುಗರ ಕೈಗೆ ಕೊಡಬಾರದು. ಹತ್ತೊಂಬತ್ತು ಜೀವ ಬಹಳ ದೊಡ್ಡ ಬೆಲೆ, ಆ ತೀರ್ಮಾನ ಇನ್ನೂ ಬೇಗ ಬರಬೇಕಿತ್ತು.

ಪ್ರಶ್ನೆ: ನನ್ನ ಮಗಳು ವಾಯುಪಡೆಯ ಫ್ಲೈಯಿಂಗ್ ತರಬೇತಿಗೆ ಸೇರಿದ್ದಾಳೆ. ಈ ಸುದ್ದಿ ಓದಿದ ಮೇಲೆ ರಾತ್ರಿ ನಿದ್ದೆ ಬರುತ್ತಿಲ್ಲ. ಇನ್ನೂ ಕಲಿಯುತ್ತಿರುವವಳಿಗೆ ಹೀಗಾದರೆ ಏನು ಮಾಡಿಯಾಳು? ಅವಳನ್ನು ಕೇಳಲೂ ಭಯ.
– ಒಬ್ಬ ತಾಯಿ

ಅಮ್ಮಾ, ಅಪಾಯವೇ ಇಲ್ಲ ಅಂತ ನಿಮಗೆ ಹೇಳಲಾರೆ. ಹಾಗೆ ಹೇಳಿದರೆ ನೀವು ನಂಬುವುದೂ ಇಲ್ಲ. ಆದರೆ ಅವಳು ಏನನ್ನು ಕಲಿಯುತ್ತಿದ್ದಾಳೆ ಅನ್ನುವುದನ್ನು ಹೇಳಬಲ್ಲೆ.

ಒಬ್ಬಳೇ ಹಾರುವ ದಿನ ಬರುವ ಮೊದಲೇ ಅವಳ ಇನ್‌ಸ್ಟ್ರಕ್ಟರ್ ಹೇಳದೆ ಕೇಳದೆ ಎಂಜಿನ್ ಶಕ್ತಿಯನ್ನು ಪೂರ್ತಿ ಇಳಿಸಿ, ಈಗ ಎಂಜಿನ್ ಹೋಯಿತು, ಏನು ಮಾಡುತ್ತೀಯಾ ಅಂತ ಕೇಳಿರುತ್ತಾರೆ. ಮಾತಿನ ನಡುವೆ, ಬೇರೇನೋ ಕಲಿಯುತ್ತಿರುವಾಗ, ಅವಳು ಎದುರುನೋಡದ ಹೊತ್ತಿನಲ್ಲಿ. ಅವಳು ವೇಗ ಹಿಡಿದು, ಜಾಗ ಆರಿಸಿ, ಕೈಪಿಡಿಯ ಸಾಲುಗಳನ್ನು ಬಾಯಿಪಾಠ ಹೇಳುತ್ತಾ ಕೆಳಗಿಳಿಯುತ್ತಾಳೆ. ಗುರುತು ಸರಿಯಾಗಿ ಸಿಕ್ಕಿತೋ ಇಲ್ಲವೋ ನೋಡಿ, ಎಂಜಿನ್ ಶಕ್ತಿ ಕೊಟ್ಟು ಮತ್ತೆ ಮೇಲೇರುತ್ತಾರೆ. ಸಿಗದಿದ್ದರೆ ಕೆಳಗೆ ಬಂದ ಮೇಲೆ ಯಾಕೆ ಸಿಗಲಿಲ್ಲ ಅಂತ ಕೂತು ಮಾತಾಡುತ್ತಾರೆ. ಸಿಮ್ಯುಲೇಟರ್‌ನಲ್ಲೂ ಇದೇ ಪಾಠ, ರಾತ್ರಿ ಕೋಣೆಯಲ್ಲಿ ಕಣ್ಣುಮುಚ್ಚಿ ಸ್ವಿಚ್‌ಗಳ ಜಾಗ ಮುಟ್ಟಿ ನೋಡುವ ಅಭ್ಯಾಸವೂ ಇದಕ್ಕೇ. ಇದು ಬಾರದವರನ್ನು ಒಬ್ಬರೇ ಹಾರಲು ಕಳಿಸುವುದಿಲ್ಲ. ಕಳಿಸಬಾರದು ಕೂಡ.

ಗಾಬರಿ ಅವಳಿಗೂ ಆಗುತ್ತದೆ. ಅನುಭವಿ ಪೈಲಟ್‌ಗೂ ಮೊದಲ ಒಂದೆರಡು ಸೆಕೆಂಡ್ ನಂಬಿಕೆಯೇ ಬರುವುದಿಲ್ಲ. ಅಭ್ಯಾಸದಿಂದ ಸಿಗುವ ಲಾಭ ಏನೆಂದರೆ, ಗಾಬರಿ ಇರುವಾಗಲೂ ಕೈ ಸರಿಯಾದ ಕೆಲಸ ಶುರುಮಾಡಿರುತ್ತದೆ.

ಅವಳನ್ನು ಖಂಡಿತ ಕೇಳಿ. ಇವತ್ತು ಅಪಾಯ ಏನಾದರೂ ಆಯಿತಾ ಅಂತ ಕೇಳಿದರೆ ಇಲ್ಲಮ್ಮಾ ಅಂತ ಮಾತು ಮುಗಿಸುತ್ತಾಳೆ. ಇವತ್ತು ಏನು ಅಭ್ಯಾಸ ಮಾಡಿದೆ, ಹೈ ಕೀ ಎಷ್ಟು ಅಡಿಗೆ, ಯಾವ ಹೊಲ ಆರಿಸಿಕೊಂಡೆ ಅಂತ ಕೇಳಿ ನೋಡಿ. ಫೋನ್ ಇಡುವುದೇ ಇಲ್ಲ ಅವಳು. ಅವಳು ವಿವರಿಸಿದಷ್ಟೂ ಪಾಠ ಅವಳಿಗೆ ಇನ್ನೊಂದು ಸಲ ಗಟ್ಟಿಯಾಗುತ್ತದೆ, ನಿಮಗೂ ಅವಳ ದಿನ ಕಣ್ಣಿಗೆ ಕಟ್ಟುತ್ತದೆ.

ಪ್ರಶ್ನೆ: ನಮ್ಮ ಎದುರಿಗೇ ಇಂಥ ವಿಮಾನ ಬಿದ್ದರೆ ಓಡಿಹೋಗಿ ಬಾಗಿಲು ಒಡೆದು ಹೊರಗೆಳೆಯಬೇಕಾ?
– ಗ್ರಾಮ ಪಂಚಾಯಿತಿ ಸದಸ್ಯರು

ಮೊದಲು 112ಕ್ಕೆ ಫೋನ್ ಮಾಡಿ, ಜಾಗವನ್ನು ಸರಿಯಾಗಿ ಹೇಳಿ, ಜನರನ್ನು ದೂರ ಇರಿಸಿ. ಬೀಡಿ, ಸಿಗರೇಟು, ಬೈಕ್ ಎಂಜಿನ್ ಹತ್ತಿರ ಬೇಡ, ಇಂಧನ ಸೋರುತ್ತಿರಬಹುದು. ಪೈಲಟ್ ತಾವಾಗಿಯೇ ಇಳಿದು ಬಂದರೆ ಗಾಳಿ ಬೀಸಿ ಬರುವ ಕಡೆಗೆ ಕರೆದುಕೊಂಡು ಹೋಗಿ ಮಲಗಿಸಿ. ಚೆನ್ನಾಗಿದ್ದೇನೆ ಅಂದರೂ ಓಡಾಡಲು ಬಿಡಬೇಡಿ, ಬೆನ್ನುಮೂಳೆಯ ಪೆಟ್ಟು ಆಗಲೇ ಗೊತ್ತಾಗುವುದಿಲ್ಲ.

ಒಳಗೆ ಸಿಕ್ಕಿಕೊಂಡಿದ್ದರೆ ಎಚ್ಚರ ಇನ್ನೂ ಜಾಸ್ತಿ ಬೇಕು. ಎಜೆಕ್ಷನ್ ಸೀಟ್ ಬಳಸದೆ ಇಳಿದ ವಿಮಾನದಲ್ಲಿ ಆ ಸೀಟಿನ ಮದ್ದು ಹಾಗೆಯೇ ಜೀವಂತವಾಗಿರುತ್ತದೆ. ಕೆಲವು ವಿಮಾನಗಳ ಗಾಜಿನ ಮುಚ್ಚಳದಲ್ಲೂ ಅದನ್ನು ಒಡೆಯುವ ಸ್ಫೋಟಕದ ಎಳೆ ಇರುತ್ತದೆ. ಹಳದಿ ಕಪ್ಪು ಪಟ್ಟೆಯ ಹಿಡಿಯನ್ನು ಯಾರೂ ಮುಟ್ಟಬಾರದು. ಕಾಕ್‌ಪಿಟ್ ಪಕ್ಕದಲ್ಲಿ ಕೆಂಪು ತ್ರಿಕೋನದ ಗುರುತು ಕಂಡರೆ ಒಳಗೆ ಇಂಥ ಸೀಟ್ ಇದೆ ಅಂತ ಅರ್ಥ. ಹೊರಗಿನಿಂದ ಮುಚ್ಚಳ ತೆಗೆಯುವ ವಿಧಾನವನ್ನೂ ಹತ್ತಿರದಲ್ಲೇ ಬರೆದಿರುತ್ತಾರೆ. ಬೆಂಕಿ ಇಲ್ಲ, ಪೈಲಟ್ ಉಸಿರಾಡುತ್ತಿದ್ದಾರೆ ಅಂದರೆ ವಾಯುಪಡೆಯ ತಂಡ ಬರುವವರೆಗೆ ಧೈರ್ಯ ಹೇಳುತ್ತಾ ಮಾತಾಡಿಸುತ್ತಿರಿ. ಬಿದ್ದ ತುಂಡುಗಳನ್ನು ಯಾರೂ ಎತ್ತಿಕೊಂಡು ಹೋಗದ ಹಾಗೆ ನೋಡಿಕೊಳ್ಳಿ. ಎಂಜಿನ್ ಯಾಕೆ ನಿಂತಿತು ಅನ್ನುವುದು ತನಿಖೆಯವರಿಗೆ ಗೊತ್ತಾಗುವುದು ಆ ತುಂಡುಗಳಿಂದಲೇ.